ಒಂಬತ್ತು ಬಾಲದ ನರಿಯೂ ಒಂದು ತೋಳೂ

ಎದೋ ನಗರಕ್ಕೆ ಟೋಕಿಯೋ ಎಂಬ ಹೆಸರು ಬರುವುದಕ್ಕೆ ಇನ್ನೂ ನಾಲ್ಕು ದಶಕಗಳಿದ್ದ ಕಾಲದಲ್ಲಿ, ಅಂದರೆ 1827ರ ಸುಮಾರಿಗೆ, ಉತಗಾವ ಕುನಿಯೋಶಿಯೆಂಬ ಚಿತ್ರಕಾರನು ನೂರೆಂಟು ಮಂದಿ ವೀರರ ಕಥೆಯನ್ನು ಹೇಳುವ ಹಳೆಯ ಚೀನೀ ಕಾದಂಬರಿಯೊಂದರ ಪಾತ್ರಗಳನ್ನು ಹಾಳೆಗೊಬ್ಬರಂತೆ ಚಿತ್ರಿಸಿ, ಮರದಚ್ಚಿನಲ್ಲಿ ಮುದ್ರಿಸಿ, ಮಾರಾಟಕ್ಕೆ ಬಿಡತೊಡಗಿದನು. ಜಪಾನೀಯರು ‘ಸುಯಿಕೋದೆನ್’ ಎಂದು ಕರೆಯುವ ಆ ಕಥೆಯು, ಭ್ರಷ್ಟಾಧಿಕಾರಿಗಳ ಉಪದ್ರವವನ್ನು ತಾಳಲಾರದೆ ಜೌಗುನೆಲದ ನಡುವೆ ಠಾಣ್ಯ ಹೂಡಿ ನಿಂತ ದಂಗೆಕೋರರದು. 1805ರಿಂದಲೇ ಬಾಕಿನನೆಂಬ ಲೇಖಕನ ಅನುವಾದವೂ ಹೊಕುಸಾಯನೆಂಬ ಚಿತ್ರಕಾರನ ರೇಖಾಚಿತ್ರಗಳೂ ಅದನ್ನು ಎದೋವಿನ ಸಾಮಾನ್ಯ ಜನರಿಗೆ ಪರಿಚಯಮಾಡಿಸಿದ್ದವು. ಮೂಲ ಕಥೆಯಲ್ಲಿ ಮೈಮೇಲೆ ಹಚ್ಚೆಯುಳ್ಳ ವೀರರು ಬೆರಳೆಣಿಕೆಯಷ್ಟೇ ಇರುವರು. ಕುನಿಯೋಶಿಯಾದರೋ ಆ ಸಂಖ್ಯೆಗೆ ತೃಪ್ತನಾಗದೆ ಮತ್ತೆ ಹಲವರ ಬೆನ್ನು ಭುಜಗಳನ್ನು ಡ್ರ್ಯಾಗನ್ನುಗಳಿಂದಲೂ ಹೂವುಗಳಿಂದಲೂ ತೆರೆಗಳಿಂದಲೂ ತುಂಬಿಬಿಟ್ಟನು. ಬಡಗಿಗಳು, ಪಲ್ಲಕ್ಕಿ ಹೊರುವವರು, ಓಲೆಕಾರರು, ಬೆಂಕಿಯಾರಿಸುವ ದಳದವರು ಮೊದಲಾದ ದುಡಿಯುವ ಜನರು ಆ ಹಾಳೆಗಳನ್ನು ಕೊಂಡು, ಅವುಗಳನ್ನು ಹಚ್ಚೆಗಾರನ ಮುಂದಿರಿಸಿ, ಅದೇ ವೀರನನ್ನು ತಮ್ಮ ಬೆನ್ನಿನ ಮೇಲೆ ಬರೆಯಿಸಿಕೊಳ್ಳತೊಡಗಿದರು. ಹಚ್ಚೆಯುಳ್ಳ ವೀರನ ಚಿತ್ರವೇ ಹಚ್ಚೆಯಾದಾಗ, ಚರ್ಮದ ಮೇಲೊಂದು ಚರ್ಮವೂ ಆ ಚರ್ಮದ ಮೇಲೊಂದು ಚಿತ್ರವೂ ಮೂಡಿ, ನೋಡುವವನಿಗೆ ವಿಚಿತ್ರವಾದ ಭ್ರಾಂತಿಯುಂಟಾಗುತ್ತಿದ್ದಿತು.

ಜಪಾನೀ ಹಚ್ಚೆಯ ಮಹಾಸಂಪ್ರದಾಯವೆಂದು ಇಂದು ಜಗತ್ತು ಗೌರವಿಸುತ್ತಿರುವ ಕಲೆಯು ತನ್ನ ಪ್ರೌಢರೂಪವನ್ನು ಪಡೆದುದು ಹೀಗೆ. ಮಠಗಳಲ್ಲಿ ಅಲ್ಲ, ಅರಮನೆಗಳಲ್ಲಿಯೂ ಅಲ್ಲ. ಅಗ್ಗದ ಬೆಲೆಗೆ ದೊರೆಯುತ್ತಿದ್ದ, ಪರದೇಶದ ಕಥೆಯನ್ನು ಆಧರಿಸಿದ, ಕಂತುಕಂತಾಗಿ ಹೊರಬರುತ್ತಿದ್ದ ಚಿತ್ರಮಾಲೆಯೊಂದರ ಅಭಿಮಾನಿಗಳ ಮೈಮೇಲೆ. ‘ಒನ್ ಪೀಸ್’ ಎಂಬ ಅನಿಮೆಯನ್ನು, ಅಂದರೆ ಜಪಾನೀ ಅನಿಮೇಶನ್ ಸರಣಿಯನ್ನು, ನೋಡಿ ಮರುಳಾದ ಬೆಂಗಳೂರಿನ ಯುವಕನೊಬ್ಬನು, ಏಸ್ ಎಂಬ ಪಾತ್ರದ ಬೆನ್ನಿನ ಮೇಲಿರುವ ಕಡಲುಗಳ್ಳರ ಲಾಂಛನವನ್ನೋ, ಕಳೆದುಹೋದ ಸೋದರನ ನೆನಪಿಗಾಗಿ ಆತನು ತೋಳಿನ ಮೇಲೆ ಬರೆಯಿಸಿಕೊಂಡ ಅಕ್ಷರಗಳನ್ನೋ ತನ್ನ ಮೈಗೂ ತರಿಸಿಕೊಳ್ಳಬೇಕೆಂದು ಹೊರಟಾಗ, ಅವನ ಸೋದರಮಾವನು ಇದನ್ನು ಹುಚ್ಚೆನ್ನುವನು. ಜಪಾನೀ ಕಲೆಯನ್ನು ಬಲ್ಲೆನೆನ್ನುವ ರಸಿಕನು ಇದನ್ನು ಅಪಭ್ರಂಶವೆನ್ನುವನು. ಸೋದರಮಾವನ ಮಾತನ್ನು ಬಿಡೋಣ. ರಸಿಕನು ತಪ್ಪುತ್ತಿರುವನೆಂದೇ ನನ್ನ ಅಭಿಪ್ರಾಯ. ಹಚ್ಚೆಯುಳ್ಳ ಕಥಾನಾಯಕನ ಹಚ್ಚೆಯನ್ನು ಹಾಕಿಸಿಕೊಳ್ಳುವ ಈ ಯುವಕನು ಎದೋವಿನ ಪಲ್ಲಕ್ಕಿಯವನಿಗೆ ಅತಿ ಸಮೀಪದ ಬಂಧುವಾಗಿದ್ದಾನೆ. ಇಬ್ಬರಿಗೂ ಅಂತರವಿರುವುದು ಅಭಿಮಾನದಲ್ಲಿ ಅಲ್ಲ, ಆ ಅಭಿಮಾನವನ್ನು ದೇಹದ ಮೇಲೆ ಇಳಿಸುವ ವಿಧಾನದಲ್ಲಿ. ಪಲ್ಲಕ್ಕಿಯವನ ಹಚ್ಚೆಗಾರನಿಗೆ ಒಂದು ವ್ಯಾಕರಣವಿದ್ದಿತು, ನಮ್ಮ ಯುವಕನ ಕೈಯಲ್ಲಿ ಮೊಬೈಲಿನಿಂದ ಇಳಿಸಿಕೊಂಡ ಒಂದು ಚಿತ್ರವಷ್ಟೇ ಇರುವುದು.

ಆ ವ್ಯಾಕರಣಕ್ಕೆ ಬರುವ ಮೊದಲು ಹಚ್ಚೆಗೆ ಅಂಟಿದ ಅಪಕೀರ್ತಿಯ ಸಂಗತಿಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬೇಕು. ಸೇನಾಧಿಪತಿಯಾಗಿ ಜಪಾನನ್ನು ಆಳುತ್ತಿದ್ದ ಎಂಟನೆಯ ಶೋಗನ್ ತೊಕುಗಾವ ಯೋಶಿಮುನೆಯು 1720ರಲ್ಲಿ, ಕಳ್ಳರ ಮೂಗು ಕಿವಿಗಳನ್ನು ಕೊಯ್ಯುವುದಕ್ಕೆ ಬದಲಾಗಿ ಅವರ ಮೈಮೇಲೆ ಮಸಿಯ ಗುರುತನ್ನು ಚುಚ್ಚುವ ದಂಡನೆಯನ್ನು ಜಾರಿಗೆ ತಂದನು. ಶೃಂಗಾರದ ಹಚ್ಚೆಯೂ ಶಿಕ್ಷೆಯ ಹಚ್ಚೆಯೂ ಒಂದೇ ಊರಿನಲ್ಲಿ ಒಟ್ಟಿಗೆ ಬಾಳಿದುವು. 1872ರಲ್ಲಿ ಮೇಜಿ ಸರಕಾರವು ಪಾಶ್ಚಾತ್ಯರ ಕಣ್ಣಿಗೆ ತಾನು ಅನಾಗರಿಕವಾಗಿ ಕಾಣಬಾರದೆಂಬ ಕಾತರದಿಂದ ಹಚ್ಚೆಯನ್ನೇ ನಿಷೇಧಿಸಿತು. ವಿನೋದವೆಂದರೆ, ಯಾರ ಕಣ್ಣಿಗೆ ಹೆದರಿ ಈ ನಿಷೇಧವು ಹುಟ್ಟಿತೋ ಆ ಪಾಶ್ಚಾತ್ಯರೇ ಹಡಗಿನಿಂದಿಳಿದು ಹಚ್ಚೆಗಾರನನ್ನು ಅರಸಿಕೊಂಡು ಹೋಗುತ್ತಿದ್ದರು. ಮುಂದೆ ಐದನೆಯ ಜಾರ್ಜ್ ದೊರೆಯಾದ ಇಂಗ್ಲೆಂಡಿನ ರಾಜಕುಮಾರನು 1881ರಲ್ಲಿಯೂ, ರಷ್ಯಾದ ಕೊನೆಯ ಚಕ್ರವರ್ತಿಯಾದ ನಿಕೊಲಾಸನು ಯುವರಾಜನಾಗಿದ್ದಾಗ 1891ರಲ್ಲಿಯೂ ತಮ್ಮ ತೋಳುಗಳ ಮೇಲೆ ಜಪಾನಿನ ಡ್ರ್ಯಾಗನ್ನನ್ನು ಹೊತ್ತು ಮರಳಿದರು. ನಿಷೇಧವು ತೆರವಾದುದು 1948ರಲ್ಲಿ. ಆ ವೇಳೆಗೆ ಹಚ್ಚೆಯು ಯಾಕುಜಾ ಎಂಬ ಪಾತಕಿಗಳ ಕೂಟದ ಲಕ್ಷಣವೆಂಬ ಭಾವನೆಯು ಬೇರೂರತೊಡಗಿದ್ದಿತು, ಸಿನೆಮಾಗಳು ಅದಕ್ಕೆ ನೀರೆರೆದುವು. 2015ರಲ್ಲಿ ಜಪಾನಿನ ಪ್ರವಾಸೋದ್ಯಮ ಇಲಾಖೆಯು ಬಿಸಿನೀರಿನ ಬುಗ್ಗೆಗಳುಳ್ಳ ವಸತಿಗೃಹಗಳನ್ನು ವಿಚಾರಿಸಿದಾಗ, ಉತ್ತರಿಸಿದವುಗಳಲ್ಲಿ ಶೇಕಡಾ 56ರಷ್ಟು ಹಚ್ಚೆಯುಳ್ಳವರಿಗೆ ಸ್ನಾನಕ್ಕೆ ಪ್ರವೇಶವಿಲ್ಲವೆಂದೇ ಹೇಳಿದುವು. ವೈದ್ಯನ ಪರವಾನಗಿಯಿಲ್ಲದೆ ಹಚ್ಚೆ ಹಾಕುವುದು ಅಪರಾಧವಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದುದು 2020ರಷ್ಟು ಈಚೆಗೆ. ಜಪಾನಿನ ದೇವತೆಯನ್ನು ತೋಳಿನ ಮೇಲೆ ಧರಿಸಿ ಜಪಾನಿಗೇ ಯಾತ್ರೆ ಹೋಗಬಯಸುವ ಅಭಿಮಾನಿಯು, ಅಲ್ಲಿ ಆ ತೋಳಿನ ನಿಮಿತ್ತವಾಗಿಯೇ ಸ್ನಾನಗೃಹದ ಹೊರಗೆ ನಿಲ್ಲಬೇಕಾದೀತೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇನ್ನು ವ್ಯಾಕರಣದ ಮಾತು. ಪಾಶ್ಚಾತ್ಯರ ಹಚ್ಚೆಯು ಬಿಡಿಬಿಡಿಯಾದ ಚಿತ್ರಗಳ ಸಂಗ್ರಹ. ಇಲ್ಲೊಂದು ಲಂಗರು, ಅಲ್ಲೊಂದು ಗುಲಾಬಿ, ನಡುವೆ ಬರಿಯ ಚರ್ಮ, ಸಂತೆಯ ಗೋಡೆಯ ಮೇಲೆ ಬಂದವರು ಬಂದಂತೆ ಅಂಟಿಸಿ ಹೋದ ಜಾಹೀರಾತುಗಳ ಹಾಗೆ. ಜಪಾನೀ ಪದ್ಧತಿಯಲ್ಲಿ ಇಡೀ ಮೈಯೊಂದೇ ಪಟ. ಬೆನ್ನಿನ ಚಿತ್ರವು ಬೆನ್ನಿನಲ್ಲಿ ನಿಲ್ಲದೆ ಪಿರ್ರೆಯನ್ನು ದಾಟಿ ತೊಡೆಯವರೆಗೆ ಇಳಿಯುವುದು. ತೋಳಿನ ಚಿತ್ರವು ಭುಜವನ್ನೇರಿ ಎದೆಯ ಮೇಲೆ ಹರಡುವುದು. ಪ್ರಧಾನವಾದ ಪಾತ್ರಕ್ಕೆ ‘ಶುದಾಯ್’ ಎಂದೂ, ಅದನ್ನು ಅಲಂಕರಿಸುವ ಹೂವು ಎಲೆಗಳಿಗೆ ‘ಕೆಶೋಬೋರಿ’ ಎಂದೂ, ಇವೆರಡರ ಹಿಂದೆ ಗಾಳಿ ಮೋಡ ನೀರು ಬಂಡೆಗಳಾಗಿ ಹಬ್ಬಿಕೊಂಡು ಎಲ್ಲವನ್ನೂ ಒಂದಾಗಿ ಬೆಸೆಯುವ ಕಪ್ಪು ಹಿನ್ನೆಲೆಗೆ ‘ಗಕುಬೋರಿ’ ಎಂದೂ ಹೆಸರು. ಚಿತ್ರವು ಕೊನೆಗೊಂಡು ಬರಿಯ ಚರ್ಮವು ಮೊದಲಾಗುವ ಅಂಚಿಗೆ ಸಹ ನಿಯಮಗಳುಂಟು. ಪಿಯೋನಿ ಹೂವಿನ ಎಸಳಿನಂತೆ ದುಂಡುದುಂಡಾಗಿ ಮುಗಿಸುವುದು ಒಂದು, ಮುಂಬೆಳಗಿನ ಮಂಜಿನಂತೆ ಕ್ರಮವಾಗಿ ಮಾಸಿಹೋಗುವಂತೆ ಮಾಡುವುದು ಮತ್ತೊಂದು, ಕತ್ತರಿಸಿದಂತೆ ನೇರವಾಗಿ ನಿಲ್ಲಿಸುವುದು ಇನ್ನೊಂದು. ಎದೆಯ ನಡುವೆ ಕತ್ತಿನಿಂದ ಹೊಕ್ಕುಳಿನ ಕೆಳಗಿನವರೆಗೆ ಒಂದು ಪಟ್ಟಿಯಷ್ಟು ಚರ್ಮವನ್ನು ಚುಚ್ಚದೆ ಬಿಡುವ ರೂಢಿಯೂ ಇದ್ದಿತು; ಮೇಲಂಗಿಯನ್ನು ಸಡಿಲಿಸಿ ಕುಳಿತಾಗಲೂ ಮೈಯೆಲ್ಲ ಚಿತ್ರವಿರುವುದು ಎದುರಿಗಿದ್ದವನಿಗೆ ತಿಳಿಯಬಾರದೆಂಬುದು ಅದರ ಉದ್ದೇಶ. ತೋರಿಸುವುದಕ್ಕಾಗಿ ಹಾಕಿಸಿಕೊಳ್ಳುವ ನಮ್ಮ ಕಾಲಕ್ಕೆ, ಮರೆಸುವುದಕ್ಕಾಗಿಯೇ ಇಷ್ಟು ಯಾತನೆಪಟ್ಟ ಆ ಜನರ ಮನೋಧರ್ಮವು ಅಷ್ಟು ಸುಲಭವಾಗಿ ಅರ್ಥವಾಗಲಾರದು.

ಈ ವ್ಯಾಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು ಋತುಗಳ ನಿಯಮ. ಪ್ರವಾಹಕ್ಕೆ ಎದುರಾಗಿ ಈಜುವ ಕೊಯಿ ಮೀನಿನ ಸುತ್ತ ಶರದೃತುವಿನ ಕೆಂಪು ಮೇಪಲ್ ಎಲೆಗಳು ತೇಲುವುವು. ಪುರಾಣದ ಸಿಂಹಕ್ಕೆ ಪಿಯೋನಿಯೇ ಸಂಗಾತಿ. ಚಳಿಗಾಲದಲ್ಲಿ ಹಾವು ಬಿಲದಲ್ಲಿ ಮಲಗಿರುವುದಾದುದರಿಂದ, ಹಿಮದ ನಡುವೆ ಅರಳುವ ಪ್ಲಮ್ ಹೂವಿನೊಂದಿಗೆ ಹಾವನ್ನು ಬರೆಯುವವನು ಅನಭಿಜ್ಞನೆಂದು ಎಣಿಸಲ್ಪಡುವನು. ನೀರಿನ ಒಡೆಯನಾದ ಡ್ರ್ಯಾಗನ್ನಿಗೆ ಯಾವ ಋತುವಿನ ಕಟ್ಟೂ ಇಲ್ಲ. ಉರಿಯುವ ಮನೆಗಳೊಳಕ್ಕೆ ನುಗ್ಗುತ್ತಿದ್ದ ಎದೋವಿನ ಅಗ್ನಿದಳದವರು ರಕ್ಷಣೆಗೆಂದು ಅದನ್ನೇ ಬೆನ್ನಿನ ಮೇಲೆ ಹೊತ್ತರು. ಋತುಸಂಹಾರವನ್ನೋ ನಮ್ಮ ಹಳೆಯ ಕಾವ್ಯಗಳ ಋತುವರ್ಣನೆಗಳನ್ನೋ ಓದಿ ಬೆಳೆದವರಿಗೆ, ಕವಿಸಮಯವನ್ನು ಚರ್ಮದ ಮೇಲೆ ಪಾಲಿಸುವ ಈ ಕಟ್ಟುನಿಟ್ಟು ಅಪರಿಚಿತವೆನ್ನಿಸದು. ಅನಿಮೆಯ ಪಾತ್ರಕ್ಕೂ ಇದನ್ನು ಅನ್ವಯಿಸಬಹುದು. ನಿರ್ದೇಶಕ ಮಿಯಾಝಾಕಿಯವರ 2001ರ ‘ಸ್ಪಿರಿಟೆಡ್ ಅವೇ’ ಚಿತ್ರದ ಹಾಕು ಎಂಬ ಬಿಳಿಯ ಡ್ರ್ಯಾಗನ್ ಒಂದು ನದಿಯ ದೇವತೆ. ಆ ನದಿಯ ತೆರೆಗಳನ್ನು ಬಿಟ್ಟು ಡ್ರ್ಯಾಗನ್ನನ್ನಷ್ಟೇ ಮುಂಗೈಯ ಮೇಲೆ ತೂಗುಹಾಕಿದರೆ, ಕಥೆಯ ಜೀವವನ್ನು ಬಿಟ್ಟು ಅದರ ಮುಖಪುಟವನ್ನು ಮಾತ್ರ ಕೊಂಡಂತಾಗುವುದು.

ಆದುದರಿಂದ ಹಚ್ಚೆಯನ್ನು ಯೋಜಿಸುವವನು ಮಾಡಬೇಕಾದ ಮೊದಲನೆಯ ಕೆಲಸವು, ತನಗೆ ಪ್ರಿಯವಾದ ಅನಿಮೆಯಿಂದ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಅದು ಯಾವ ಪುರಾಣದ ಮೇಲೆ ನಿಂತಿದೆಯೆಂಬುದನ್ನು ನೋಡುವುದು. ಇದಕ್ಕೆ ‘ನರುತೋ’ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಕಿಶಿಮೊಟೊ ಮಸಾಶಿಯವರು 1999ರಿಂದ 2014ರವರೆಗೆ ವಾರಪತ್ರಿಕೆಯಲ್ಲಿ ಬರೆದ ಆ ಚಿತ್ರಕಥೆಯಲ್ಲಿ ಉಚಿಹಾ ವಂಶದವರ ಕಣ್ಣುಗಳಿಗೆ ಸೇರಿದ ಮೂರು ಘೋರಶಕ್ತಿಗಳು ಬರುವುವು: ಅಮತೆರಾಸು, ತ್ಸುಕುಯೋಮಿ, ಸುಸನೋ. ಕ್ರಿಸ್ತಶಕ 712ರಲ್ಲಿ ಸಂಕಲಿತವಾದ ‘ಕೊಜಿಕಿ’ ಎಂಬ ಜಪಾನೀ ಪುರಾಣಗ್ರಂಥದಲ್ಲಿ ಇವರು ಮೂವರು ದೇವತೆಗಳು, ಪ್ರೇತಲೋಕದಿಂದ ಮರಳಿದ ಇಝನಾಗಿ ಎಂಬ ದೇವನು ಮೈಲಿಗೆಯನ್ನು ತೊಳೆದುಕೊಳ್ಳುವಾಗ ಎಡಗಣ್ಣಿನಿಂದ ಸೂರ್ಯದೇವಿಯಾದ ಅಮತೆರಾಸುವೂ, ಬಲಗಣ್ಣಿನಿಂದ ಚಂದ್ರನಾದ ತ್ಸುಕುಯೋಮಿಯೂ, ಮೂಗಿನಿಂದ ಬಿರುಗಾಳಿಯ ಸ್ವಭಾವದ ಸುಸನೋವೂ ಜನಿಸಿದರೆಂದು ಅಲ್ಲಿ ಹೇಳಿದೆ. ಪುರುಷನ ಕಣ್ಣಿನಿಂದ ಸೂರ್ಯನೂ ಮನಸ್ಸಿನಿಂದ ಚಂದ್ರನೂ ಹುಟ್ಟಿದರೆಂದು ಕೇಳಿ ಬೆಳೆದ ನಮಗೆ ಇದು ದೂರದ ನೆಂಟರ ಮನೆಯ ಮಾತಿನಂತೆ ಕೇಳಿಸುವುದು. ನರುತೋವಿನಲ್ಲಿ ಅಮತೆರಾಸು ಎನಿಸಿಕೊಳ್ಳುವ ಕಪ್ಪು ಜ್ವಾಲೆಯನ್ನು ತೋಳಿಗೆ ಇಳಿಸಬೇಕೆನ್ನುವವನು, ಗುಹೆಯೊಳಗೆ ಅಡಗಿಕೊಂಡು ಜಗತ್ತನ್ನೇ ಕತ್ತಲಾಗಿಸಿದ ಅಮತೆರಾಸುವಿನ ಕಥೆಯನ್ನೊಮ್ಮೆ ಓದಿದರೆ, ಆ ಜ್ವಾಲೆಯ ಪಕ್ಕದಲ್ಲಿ ಕನ್ನಡಿಯೊಂದು ಏಕಿರಬೇಕು, ಹುಂಜವೊಂದು ಏಕಿರಬೇಕು ಎಂಬುದು ತಾನಾಗಿ ಹೊಳೆಯುವುದು.

ನರುತೋ ಕಥೆಯ ನಾಯಕನ ಹೊಟ್ಟೆಯೊಳಗೆ ಬಂಧಿಯಾಗಿರುವ ಒಂಬತ್ತು ಬಾಲದ ನರಿಯ ಪೂರ್ವೇತಿಹಾಸವು ಇದಕ್ಕಿಂತ ರಮ್ಯವಾದುದು. ಜಪಾನೀ ಐತಿಹ್ಯದಲ್ಲಿ ಈ ನರಿಯು ತಮಾಮೊ-ನೊ-ಮಾಏ ಎಂಬ ಚೆಲುವೆಯಾಗಿ, 12ನೆಯ ಶತಮಾನದಲ್ಲಿದ್ದ ತೋಬಾ ಎಂಬ ಚಕ್ರವರ್ತಿಯ ಆಸ್ಥಾನವನ್ನು ಹೊಕ್ಕು, ಅವನನ್ನು ವ್ಯಾಧಿಗ್ರಸ್ತನನ್ನಾಗಿ ಮಾಡಿ, ಜೋಯಿಸನೊಬ್ಬನಿಂದ ಗುಟ್ಟು ಬಯಲಾಗಲು ನಾಸು ಎಂಬ ಬಯಲಿಗೆ ಓಡಿಹೋಗಿ, ಅಲ್ಲಿ ಬಾಣಕ್ಕೆ ಬಲಿಯಾಗಿ, ಮುಟ್ಟಿದವರನ್ನು ಕೊಲ್ಲುವ ವಿಷಶಿಲೆಯಾಯಿತಂತೆ. 1689ರಲ್ಲಿ ಕವಿ ಬಾಶೋ ಆ ಕಲ್ಲನ್ನು ನೋಡಲು ಹೋಗಿದ್ದನು. 2022ರ ಮಾರ್ಚಿಯಲ್ಲಿ ಅದು ಎರಡು ಹೋಳಾಗಿರುವುದು ಕಂಡುಬಂದಾಗ, ನರಿಯು ಹೊರಬಿದ್ದಿತೆಂದು ಜಪಾನಿನಲ್ಲೆಲ್ಲ ಅರ್ಧ ಪರಿಹಾಸ್ಯದ, ಅರ್ಧ ಆತಂಕದ ಮಾತುಗಳಾದುವು. ಆದರೆ ನಮ್ಮ ಕುತೂಹಲಕ್ಕೆ ವಿಷಯವಾಗುವುದು ಆ ನರಿಯ ಹಿಂದಿನ ಜನ್ಮ. ಮೂರು ದೇಶಗಳನ್ನು ಕೆಡಿಸಿದ ನರಿಯೆಂದು ಅದನ್ನು ವರ್ಣಿಸುವ ಕಥನಗಳಲ್ಲಿ, ಜಪಾನಿಗೆ ಬರುವ ಮೊದಲು ಅದು ಚೀನಾದಲ್ಲಿಯೂ, ಅದಕ್ಕೂ ಮೊದಲು ಭಾರತದಲ್ಲಿಯೂ ಇದ್ದಿತು. ಭಾರತದಲ್ಲಿ ಹಂಝೋಕು ಎಂಬ ರಾಜಕುಮಾರನ ಪ್ರಿಯೆಯಾಗಿ, ಸಾವಿರ ಮಂದಿ ಅರಸರ ತಲೆಗಳನ್ನು ತರಿಸೆಂದು ಅವನನ್ನು ಪ್ರೇರಿಸಿತು. ಈ ಹಂಝೋಕು ಬೇರಾರೂ ಅಲ್ಲ. ಮಹಾಭಾರತದ ಆದಿಪರ್ವದಲ್ಲಿ ವಸಿಷ್ಠಪುತ್ರನಾದ ಶಕ್ತಿಯ ಶಾಪಕ್ಕೆ ಗುರಿಯಾಗಿ ನರಭಕ್ಷಕನಾದ ಇಕ್ಷ್ವಾಕುವಂಶದ ಕಲ್ಮಾಷಪಾದ. ಬೌದ್ಧರ ಜಾತಕಕಥೆಗಳ ಮೂಲಕ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನನ್ನು ಸೇರಿ, ದಾರಿಯಲ್ಲಿ ನರಿಯೊಂದನ್ನು ಜೊತೆಮಾಡಿಕೊಂಡವನು ಅವನು. ಆ ರಾಜಕುಮಾರನು ಒಂಬತ್ತು ಬಾಲದ ನರಿಯನ್ನು ಕಂಡು ಬೆದರುವ ದೃಶ್ಯವನ್ನು ಮರದಚ್ಚಿನಲ್ಲಿ ಚಿತ್ರಿಸಿದವನೂ ನಮ್ಮ ಕುನಿಯೋಶಿಯೇ. ನರುತೋವಿನ ಅಭಿಮಾನಿಯಾದ ಕನ್ನಡಿಗನಿಗೆ ಇದಕ್ಕಿಂತ ಸ್ವಂತವಾದ ಚಿತ್ರವು ಎಲ್ಲಿ ದೊರೆಯಬೇಕು?

ದೇವತೆಗಳ ವಿಷಯದಲ್ಲಿಯೂ ಹೀಗೆಯೇ. ಬೆಂಕಿಯ ಹಿನ್ನೆಲೆಯಲ್ಲಿ ಖಡ್ಗಪಾಶಗಳನ್ನು ಹಿಡಿದು ಬಂಡೆಯ ಮೇಲೆ ಕುಳಿತಿರುವ, ಕೋರೆದಾಡೆಯ ‘ಫುದೋ’ ಜಪಾನೀ ಹಚ್ಚೆಯಲ್ಲಿ ಬಹು ಜನಪ್ರಿಯನು. ಮಂತ್ರಯಾನದ ಅಚಲನಾಥನೇ ಅವನು, ನರೀತಾ ಪಟ್ಟಣದ ಪ್ರಸಿದ್ಧ ದೇವಾಲಯದ ಮೂಲದೇವರು. ವೀಣೆಯ ಬಂಧುವಾದ ಬೀವಾ ವಾದ್ಯವನ್ನು ನುಡಿಸುವ ಬೆಂಝಾಯ್ತೆನ್ ನಮ್ಮ ಸರಸ್ವತಿ. ಬಿಶಾಮೊನ್ ನಮ್ಮ ವೈಶ್ರವಣ. ಇವರನ್ನು ಎಲ್ಲಿ ಧರಿಸಬೇಕೆಂಬುದರ ವಿಷಯದಲ್ಲಿ ಸಂಪ್ರದಾಯಸ್ಥರಾದ ಜಪಾನೀ ಹಚ್ಚೆಗಾರರು ಬಲು ನಿಷ್ಠುರರು; ಪೂಜ್ಯಮೂರ್ತಿಗಳನ್ನು ಸೊಂಟದ ಕೆಳಗೆ ಬರೆಯಲು ಅವರು ಒಪ್ಪುವುದಿಲ್ಲ. ನಮ್ಮಲ್ಲಿ ಆ ನಿಷ್ಠುರತೆಯನ್ನು ದಾರಿಹೋಕರೇ ವಹಿಸಿಕೊಳ್ಳುವರು. 2015ರ ಅಕ್ಟೋಬರಿನಲ್ಲಿ ಕಾಲಿನ ಮೇಲೆ ಯಲ್ಲಮ್ಮದೇವಿಯ ಹಚ್ಚೆಯಿದ್ದ ಆಸ್ಟ್ರೇಲಿಯಾದ ಯುವಕನೊಬ್ಬನನ್ನು ಬೆಂಗಳೂರಿನ ಉಪಾಹಾರಗೃಹದಲ್ಲಿ ಗುಂಪೊಂದು ಮುತ್ತಿ ಪೀಡಿಸಿತು. ಆ ಗುಂಪಿನ ನಡತೆಯು ನಾಚಿಕೆಗೇಡಿನದು. ಹಚ್ಚೆಯಿದ್ದವನು ಭಕ್ತಿಯಿಂದಲೇ ಅದನ್ನು ಹಾಕಿಸಿಕೊಂಡೆನೆಂದು ಹೇಳಿದನು. ಆದರೂ ದೇವತೆಯನ್ನು ಆರಿಸಿದವನು ಭುಜವನ್ನೋ ಬೆನ್ನನ್ನೋ ಆರಿಸುವುದೇ ಲೇಸೆಂಬುದರಲ್ಲಿ ಎರಡೂ ದೇಶಗಳ ಸಂಪ್ರದಾಯಗಳಿಗೆ ಒಮ್ಮತವಿದೆ. ಚಿಹ್ನೆಗಳ ವಿಚಾರದಲ್ಲಿಯೂ ಎಚ್ಚರಿಕೆ ಬೇಕು. ನರುತೋವಿನ ನೇಜಿ ಎಂಬ ಪಾತ್ರದ ಹಣೆಯ ಮೇಲೆ ಮೂಲದ ಚಿತ್ರಕಥೆಯಲ್ಲಿ ಬೌದ್ಧರ ಸ್ವಸ್ತಿಕವಿದ್ದಿತು, ಅನಿಮೆಯಲ್ಲಿ ಅದನ್ನು ಬರಿಯ ಕತ್ತರಿಯಾಕಾರದ ಗೆರೆಗಳಾಗಿ ಮಾರ್ಪಡಿಸಿದರು. ‘ಡೀಮನ್ ಸ್ಲೇಯರ್’ ಎಂಬ ಅನಿಮೆಯ ನಾಯಕ ತಂಜಿರೋವಿನ ಕಿವಿಯೋಲೆಯ ಸೂರ್ಯಚಿತ್ರವು ಸಾಮ್ರಾಜ್ಯಶಾಹಿ ಜಪಾನಿನ ಧ್ವಜವನ್ನು ಹೋಲುವುದೆಂದು ದಕ್ಷಿಣ ಕೊರಿಯಾದ ಪ್ರದರ್ಶನದಲ್ಲಿ ಬದಲಿಸಲಾಯಿತು. ನಿರ್ಮಾಪಕರು ಚಿತ್ರವನ್ನು ತಿದ್ದಬಲ್ಲರು. ಜರ್ಮನಿಗೋ ಕೊರಿಯಾಕ್ಕೋ ಉದ್ಯೋಗಕ್ಕೆ ಹೋಗುವ ನಮ್ಮ ಎಂಜಿನಿಯರನು ತೋಳನ್ನು ತಿದ್ದಲಾರನು.

ಚರ್ಮವೆಂಬುದು ಕಾಗದವಲ್ಲ. ಸೂಜಿಯು ಮಸಿಯನ್ನು ಒಂದೆರಡು ಮಿಲಿಮೀಟರು ಆಳದ ಒಳಚರ್ಮದಲ್ಲಿ ಇಳಿಸುವುದು. ಮೇಲುಚರ್ಮವು ಸದಾ ಉದುರಿ ಹೊಸದಾಗುತ್ತಿರುವುದರಿಂದ ಅಲ್ಲಿ ಅದು ನಿಲ್ಲದು. ಒಳಗಿನ ರಕ್ಷಕಕೋಶಗಳು ಮಸಿಯ ಕಣಗಳನ್ನು ನುಂಗಿ ಹಿಡಿದಿರುವುವು; ಒಂದು ಕೋಶವು ಸತ್ತಾಗ ಹೊರಬಿದ್ದ ಕಣಗಳನ್ನು ಪಕ್ಕದ ಹೊಸ ಕೋಶವು ನುಂಗುವುದೆಂದು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಪರೀಕ್ಷಿಸಿ ತೋರಿಸಿದರು. ಹಚ್ಚೆಯು ಶಾಶ್ವತವೆನ್ನುವುದೆಲ್ಲ ಈ ನಿರಂತರ ಹಸ್ತಾಂತರದ ಫಲ. ವರ್ಷಗಳು ಕಳೆದಂತೆ ಗೆರೆಗಳು ಅಗಲವಾಗುವುವು. ಅನಿಮೆಯ ಮುಖಗಳ ಸೊಗಸೆಲ್ಲ ಕೂದಲೆಳೆಯಂಥ ಗೆರೆಯಲ್ಲಿಯೂ, ದೊಡ್ಡ ಕಣ್ಣಿನೊಳಗಿನ ಬಿಳಿಯ ಹೊಳಪಿನಲ್ಲಿಯೂ ಇರುವುದಾದುದರಿಂದ, ನಾಣ್ಯದಷ್ಟು ಚಿಕ್ಕದಾಗಿ ಬರೆದ ಮುಖವು ಹತ್ತು ವರ್ಷಗಳಲ್ಲಿ ಕಲೆಯಾಗಿ ಉಳಿದೀತು. ಅಂಗೈಗಿಂತ ಕಿರಿದಾದ ಮುಖವನ್ನು ನಾನಂತೂ ಯಾರಿಗೂ ಹೇಳಲಾರೆ. ನಮ್ಮ ಕಂದುಮೈಯ ವಿಷಯದಲ್ಲಿ ಇನ್ನೊಂದು ಮಾತಿದೆ. ಬಣ್ಣವು ಒಳಚರ್ಮದಲ್ಲಿಯೂ, ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ಅದರ ಮೇಲೆಯೂ ಇರುವುದರಿಂದ, ನಾವು ಹಚ್ಚೆಯನ್ನು ಕಂದು ಗಾಜಿನ ಮೂಲಕವೇ ನೋಡುವೆವು. ತಿಳಿಹಳದಿ, ಬಿಳಿ, ನಸುಗುಲಾಬಿಗಳು ಅಲ್ಲಿ ಮಂಕಾಗುವುವು, ಕಪ್ಪೂ ಗಾಢವರ್ಣಗಳೂ ಗೆಲ್ಲುವುವು. ಕಪ್ಪನ್ನೇ ನೆಚ್ಚಿದ ಜಪಾನಿನ ಹಿನ್ನೆಲೆಯು ನಮ್ಮ ಚರ್ಮಕ್ಕೆ ಒಪ್ಪುವುದು ಈ ಕಾರಣದಿಂದಲೂ ಹೌದು.

ಆ ಜಪಾನೀ ಕಪ್ಪಿಗೆ ಬಳಸುವ ನಾರಾ ಪಟ್ಟಣದ ಹೆಸರಾಂತ ಮಸಿಯು ಎಣ್ಣೆಯ ದೀಪದ ಕಾಡಿಗೆಯಿಂದಾಗುವುದು. ನಮ್ಮ ಕೊರವಂಜಿಯರೂ ಕಾಡಿಗೆಯನ್ನೇ ಸೊಪ್ಪಿನ ರಸದೊಡನೆ ಕಲಸಿ, ಹಳ್ಳಿಯ ಹೆಣ್ಣುಮಕ್ಕಳ ಹಣೆಗೂ ಗಲ್ಲಕ್ಕೂ ಮುಂಗೈಗೂ ಹಚ್ಚೆ ಹೊಯ್ಯುತ್ತಿದ್ದರು. ಅಜ್ಜಿಯಂದಿರ ಕೈಯ ಹಚ್ಚೆಯು ಹಸುರುನೀಲಿಯಾಗಿ ಕಾಣುವುದು ಆ ಕಪ್ಪಿನ ಮೇಲೆ ಚರ್ಮವು ಬೆಳಕನ್ನು ಚದುರಿಸುವುದರಿಂದ. ಚೇಳು, ಚುಕ್ಕೆ, ಗಂಡನ ಹೆಸರು. ಆ ಹೆಣ್ಣುಮಕ್ಕಳು ಆರಿಸಿಕೊಂಡುದಕ್ಕಿಂತ ಅವರಿಗಾಗಿ ಇತರರು ಆರಿಸಿದುದೇ ಹೆಚ್ಚು. ಆರಿಸುವ ಸ್ವಾತಂತ್ರ್ಯವುಳ್ಳ ಮೊಮ್ಮಕ್ಕಳು ಕೆಲವು ಲೌಕಿಕ ಸಂಗತಿಗಳನ್ನು ಮರೆಯಬಾರದು: ಸೂಜಿಯು ಹೊಸದಲ್ಲದಿದ್ದರೆ ಕಾಮಾಲೆಯ ರೋಗಾಣುಗಳು ಹರಡುವುವು, ಹಚ್ಚೆಯಾದ ಮೇಲೆ ನಮ್ಮ ದೇಶದ ನಿಯಮದಂತೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ, ಗಾಯವು ಗಂಟುಗಟ್ಟುವ ಮೈಯವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು, ಸೇನೆಗೆ ಸೇರಬಯಸುವವರು ಅದರ ನಿಯಮಗಳನ್ನು ಮೊದಲೇ ಓದಿಕೊಳ್ಳಬೇಕು.

ನರಿಯನ್ನೇ ಆರಿಸಿದ ಗೆಳೆಯನಿಗೆ ನಾನು ಹೇಳುವುದು ಇಷ್ಟು. ನರಿಯ ತಲೆಯು ಭುಜದ ಗುಂಡುಭಾಗದ ಮೇಲೆ, ನಿನ್ನ ಎದೆಯ ಕಡೆಗೆ ತಿರುಗಿರಲಿ. ಬಾಲಗಳು ತೋಳನ್ನು ಸುತ್ತುತ್ತ ಮೊಣಕೈಯವರೆಗೆ ಇಳಿಯಲಿ. ನಾಸು ಬಯಲಿನ ಕಥೆಯಾದುದರಿಂದ ಶರತ್ಕಾಲದ ಉದ್ದಗರಿಯ ಹುಲ್ಲೂ, ಒಳತೋಳಿನಲ್ಲಿ ಬಿರುಕುಬಿಟ್ಟ ಬಂಡೆಯೂ ಇರಲಿ. ಚೆರಿ ಹೂವನ್ನು ಅಂದವೆಂದು ಸೇರಿಸಬೇಡ, ಅದು ವಸಂತಕ್ಕೆ ಸೇರಿದುದು. ಹಚ್ಚೆಗಾರನಿಗೆ ಅನಿಮೆಯ ಒಂದು ದೃಶ್ಯವನ್ನೂ ಕುನಿಯೋಶಿಯ ಹಾಳೆಯನ್ನೂ ಒಟ್ಟಿಗೆ ತೋರಿಸಿ, ಯಾವುದನ್ನೂ ನಕಲುಮಾಡದೆ ಮೂರನೆಯದೊಂದನ್ನು ನಿನ್ನ ತೋಳಿನ ಮೇಲೆಯೇ ಪೆನ್ನಿನಿಂದ ಬರೆಯೆಂದು ಕೇಳು. ಕೈಯನ್ನೆತ್ತಿ, ಮಡಿಸಿ, ತಿರುಗಿಸಿ ನೋಡು. ನರುತೋವಿನ ಕಿತ್ತಳೆಬಣ್ಣವೇ ಬೇಕೆಂದರೆ ಗಾಢವಾದುದನ್ನು ಆರಿಸಿ, ಮೊದಲು ಅದರ ಒಂದು ಚುಕ್ಕೆಯನ್ನು ಚುಚ್ಚಿಸಿ, ವಾಸಿಯಾದ ಮೇಲೆ ಹೇಗೆ ಕಾಣುವುದೆಂದು ನೋಡಿಕೊಂಡು ಮುಂದುವರಿ. ಮೊದಲ ಸಲ ಗೆರೆ ಮಾತ್ರ, ಅದು ಮಾಗಿದ ಮೇಲೆ ನೆರಳು, ಬಣ್ಣವು ಕಡೆಗೆ. ಒಂಬತ್ತು ಬಾಲಗಳೂ ತೋಳಿನ ಹೊರಮೈಯಲ್ಲಿಯೇ ಎಣಿಕೆಗೆ ಸಿಗಬೇಕೆಂದು ಹಟಹಿಡಿದರೆ ಒಂದೊಂದೂ ಸೊರಗಿ ಹೋದಾವು. ಐದಾರು ಪುಷ್ಟವಾಗಿ ಕಂಡು, ಉಳಿದವು ಮೋಡದ ಹಿಂದಕ್ಕೆ ಸರಿಯುವಂತೆ ಬರೆಯಲು ಹಚ್ಚೆಗಾರನಿಗೆ ಬಿಡುವುದೇ ಉಚಿತ.